ಅಳತೆಗೆ ಒಂದೇ ಕಣ್ಣು

ಮಾರ್ಚ್ ೨

ಕಡ್ಡಿಗೆ,

ನಿನ್ನ ಅಣ್ಣ ಬದುಕಿದ್ದಾನೆ. ಊರಿಂದ ಊರಿಗೆ ಸಾಮಾನು ಹೊತ್ತು ತಿರುಗುವುದರಲ್ಲಿ ಕಾಗದ ತಡವಾಯಿತು. ಹೊಸ ವಿಳಾಸ ಲಕೋಟೆಯ ಹಿಂದೆ ಇದೆ. ಬೇಸಿಗೆ ಮುಗಿಯುವ ತನಕ ನಾಟಕ ಕಂಪನಿ ಇಲ್ಲಿಂದ ಕದಲುವುದಿಲ್ಲ.

ಇಲ್ಲಿ ನಮಗೆ ಸಿಕ್ಕಿರುವುದು ಒಂದು ಹಳೆಯ ಗೋದಾಮು. ತಗಡಿನ ಮಾಡು, ಕಿರುಗುಟ್ಟುವ ಮರದ ಮೆಟ್ಟಿಲು, ಹಿಂದೆ ಲಾರಿ ತೊಳೆಯುವ ಅಂಗಳ. ರಂಗದ ಪರದೆ ಹರಡಿ ಚಿತ್ರ ಬರೆಯುವಷ್ಟು ಉದ್ದದ ಗೋಡೆ ಇದೆ, ನನಗೆ ಅಷ್ಟು ಸಾಕು. ಹೊಸ ನಾಟಕದ ಕೊನೆಯ ಅಂಕ ಪೂರ್ತಿ ಚಂದ್ರನ ಕೆಳಗೆ ನಡೆಯುತ್ತದೆ. ನಿರ್ದೇಶಕರು ಮೊನ್ನೆ ಕರೆದು, "ಪೇಂಟರೇ, ಚಂದ್ರ ಹೇಗಿರ್ಬೇಕು ಅಂದ್ರೆ, ಹಿಂದಿನ ಸಾಲಲ್ಲಿ ಕೂತವನಿಗೂ ಮೈಮೇಲೆ ಬಿದ್ದ ಹಾಗಿರ್ಬೇಕು" ಎಂದರು. "ಅಷ್ಟು ದೊಡ್ಡದು ಮೈಮೇಲೆ ಬಿದ್ರೆ ಅವನು ಎದ್ದು ಮನೆಗೆ ಹೋಗೋದು ಹೇಗೆ ಸರ್" ಎಂದೆ. ಅವರು ನಗಲಿಲ್ಲ. ಕಂಪನಿಗೆ ಹೊಸಬರು.

ಒಂಬತ್ತನೆಯ ತಾರೀಕಿನ ಹುಣ್ಣಿಮೆಗೆ ಚಂದ್ರ ಭೂಮಿಗೆ ತೀರ ಹತ್ತಿರ ಬರುತ್ತಾನಂತೆ. ಅಷ್ಟು ದೊಡ್ಡದಾಗಿ, ಅಷ್ಟು ಬೆಳಕಾಗಿ ಕಾಣುವುದು ಅಪರೂಪವೆಂದು ಪೇಪರಿನಲ್ಲಿ ಬಂದಿದೆ. ಈ ಸಲ ಅವನನ್ನೇ ಎದುರಿಗಿಟ್ಟುಕೊಂಡು ಬರೆಯಬೇಕೆಂದಿದ್ದೇನೆ. ಇಷ್ಟು ವರ್ಷ ನಾನು ಬರೆದದ್ದೆಲ್ಲ ಊಹೆಯ ಚಂದ್ರ. ಅಗಲವಾದ ತಟ್ಟೆಯೊಂದನ್ನು ಬೋರಲು ಹಾಕಿ ಸುತ್ತ ಗೆರೆ ಎಳೆದರೆ ಮುಗಿಯಿತು.

ನೀನೂ ಅಂದು ಸಂಜೆ ಆ ಕಾರ್ಖಾನೆಯ ಗಾಜಿನ ಧೂಳಿನಿಂದ ಹೊರಗೆ ಬಂದು ನೋಡು. ಏನು ಕಂಡಿತೆಂದು ಬರೆ. ಫೋನ್ ಮಾಡಬೇಡ. ಫೋನ್ ಇರುವುದು ಟಿಕೆಟ್ ಕೊಡುವ ಕೋಣೆಯಲ್ಲಿ. ನಾನು ಹಲೋ ಅಂದರೆ ಕಂಪನಿಯೆಲ್ಲ ಕೆಲಸ ಬಿಟ್ಟು ಕೇಳಿಸಿಕೊಳ್ಳುತ್ತದೆ.

ಅಣ್ಣ


ಮಾರ್ಚ್ ೧೦

ಅಣ್ಣನಿಗೆ,

ನೋಡಿದೆ. ನಿನ್ನೆ ಪಾಳಿ ಮುಗಿಸಿ ನಾವು ಕೆಲವರು ಕಾರ್ಖಾನೆಯ ತಾರಸಿಗೆ ಹೋದೆವು. ನೀರಿನ ಟ್ಯಾಂಕಿನ ಪಕ್ಕದಿಂದ ಎದ್ದ. ಮೊದಲು ಕೆಂಪು ಬೆರೆತ ಹಳದಿ, ಮೇಲೆ ಬಂದ ಹಾಗೆ ಬಿಳುಪು. ಪಾಲಿಶ್ ವಿಭಾಗದ ಅಕ್ಕ, "ಕೈ ಚಾಚಿದ್ರೆ ಸಿಗ್ತಾನೆ ಕಣೆ" ಎಂದು ನಿಜವಾಗಿಯೂ ಕೈ ಚಾಚಿದಳು. "ಸಿಕ್ಕಿದ್ರೆ ಅರ್ಧ ನನಗೆ" ಎಂದೆ.

ನಾನು ಒಂದು ರಟ್ಟಿಗೆ ತೂತು ಕೊರೆದು ತಂದಿದ್ದೆ. ನಗಬೇಡ. ರಟ್ಟನ್ನು ಕೈಯುದ್ದಕ್ಕೆ ಹಿಡಿದು ನೋಡಿದರೆ ಚಂದ್ರ ತೂತಿನೊಳಗೆ ಸರಿಯಾಗಿ ಕೂತ. ಅವನು ಸಾಕಷ್ಟು ಮೇಲೇರಿ, "ಈಗ ಚಿಕ್ಕವನಾದ" ಎಂದು ಎಲ್ಲರೂ ಹೇಳತೊಡಗಿದಾಗ ಮತ್ತೆ ನೋಡಿದೆ. ಅದೇ ತೂತಿನಲ್ಲಿ ಅಷ್ಟೇ ಸರಿಯಾಗಿ ಕೂತ. ಹುಟ್ಟುವಾಗ ದೊಡ್ಡವನು, ಏರಿದ ಮೇಲೆ ಚಿಕ್ಕವನು ಎಂಬುದು ನಮ್ಮ ಕಣ್ಣು ಮಾಡುವ ಕಿತಾಪತಿ. ಆದರೆ ಬೆಳಕು ಹೆಚ್ಚಿತ್ತು, ಅದು ನಿಜ. ತಾರಸಿಯ ನೆಲದ ಮೇಲೆ ನನ್ನ ನೆರಳಿನಲ್ಲಿ ಬಿಚ್ಚಿಹೋದ ಕೂದಲೆಳೆಯೂ ಕಾಣುತ್ತಿತ್ತು.

ನನ್ನನ್ನು ಗಾಜು ಉಜ್ಜುವ ಯಂತ್ರದಿಂದ ತೆಗೆದು ತಪಾಸಣೆಗೆ ಹಾಕಿದ್ದಾರೆ. ಎದುರು ಗೋಡೆಯ ಮೇಲೆ ಕಪ್ಪು ಗೆರೆಗಳ ಚೌಕದ ಪಟ. ಒಂದೊಂದೇ ಕನ್ನಡಕದ ಗಾಜನ್ನು ಹಿಡಿದು, ಅದರ ಮೂಲಕ ಪಟವನ್ನು ನೋಡುವುದು ಕೆಲಸ. ಗೆರೆ ಎಲ್ಲಾದರೂ ಕೊಂಕಿದರೆ ಗಾಜು ಬುಟ್ಟಿಗೆ. ಇಡೀ ದಿನ ಅದನ್ನೇ ಮಾಡಿದ ಕಣ್ಣಿಗೆ ನಿನ್ನೆಯ ಚಂದ್ರ ಒಳ್ಳೆಯ ಗಾಜಿನ ಹಾಗೆ ಕಂಡ. ಪೂರ್ತಿ ಗುಂಡಗೆ, ಅಂಚು ಚೂಪಾಗಿ. ನನ್ನ ಮೇಜಿಗೆ ಬಂದಿದ್ದರೆ ಪಾಸು ಮಾಡುತ್ತಿದ್ದೆ.

ನಿನಗೆ ಹೇಗೆ ಕಂಡ?

ತಂಗಿ


ಮಾರ್ಚ್ ೧೧

ಕಡ್ಡಿಗೆ,

ನಿನ್ನ ಕಾಗದ ಬರುವ ತನಕ ಕಾಯುವ ತಾಳ್ಮೆ ನನಗಿಲ್ಲ.

ಗೋದಾಮಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಲಾರಿಗಳ ಸಾಲಿನ ಆಚೆಯಿಂದ ಅವನು ಎದ್ದ. ತೊಳೆದ ನೀರು ಅಂಗಳದಲ್ಲಿ ನಿಂತಿತ್ತು, ಅದರಲ್ಲೂ ಒಬ್ಬ. ಇಷ್ಟು ದೊಡ್ಡವನನ್ನು ನಾನು ಕಂಡಿರಲಿಲ್ಲ. ಆದರೆ ಕೇಳು, ಅವನು ಗುಂಡಗಿರಲಿಲ್ಲ. ಎಡಗಡೆ ಕೆಳಗೆ ತಗ್ಗು ಬಿದ್ದಿತ್ತು. ಹಸಿ ಮಡಕೆಯನ್ನು ಯಾರೋ ಹೆಬ್ಬೆರಳಿನಿಂದ ಒತ್ತಿ ಮರೆತು ಹೋದ ಹಾಗೆ. ಅಲ್ಲಿ ಅಂಚು ಒಳಕ್ಕೆ ಸರಿದಿತ್ತು, ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಕುಂಚದ ಹಿಡಿಯನ್ನು ಚಾಚಿ ಮತ್ತೆ ಮತ್ತೆ ಅಳೆದೆ. ತಗ್ಗು ಅಲ್ಲೇ ಇತ್ತು. ದೂರದಲ್ಲಿದ್ದಾಗ ಎಲ್ಲರೂ ಗುಂಡಗೆ ಇರುತ್ತಾರೆ, ಹತ್ತಿರ ಬಂದರೆ ತಾನೇ ಪೆಟ್ಟು ಕಾಣುವುದು, ಅನ್ನಿಸಿತು.

ಕಂಪನಿಯ ದೀಪದವನು ಹಿಂದಿನಿಂದ ಬಂದು, "ಎಷ್ಟು ನೋಡ್ತೀರಣ್ಣ, ದೃಷ್ಟಿ ತಾಗುತ್ತೆ ಅವನಿಗೆ, ಬಿಡಿ" ಎಂದ.

ಮರುದಿನ ಬೆಳಿಗ್ಗೆಯೇ ಪರದೆ ಹಿಡಿದೆ. ಎಷ್ಟೋ ಕಾಲದ ಮೇಲೆ ಕೈ ತಾನಾಗಿ ಓಡುತ್ತಿದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ, ತಗ್ಗು ಸಮೇತ.

ಅಣ್ಣ


ಮಾರ್ಚ್ ೧೭

ಅಣ್ಣನಿಗೆ,

ಹುಣ್ಣಿಮೆಯ ಚಂದ್ರನಿಗೆ ತಗ್ಗು ಬೀಳುವುದಿಲ್ಲ. ಇರುವವನು ಒಬ್ಬನೇ. ನಾನು ನೋಡಿದವನೇ ನಿನ್ನ ಲಾರಿಗಳ ಮೇಲೂ ಎದ್ದಿರಬೇಕು.

ನನಗೆ ಅನ್ನಿಸುವುದನ್ನು ಹೇಳುತ್ತೇನೆ. ನೀನು ಅಂದು ನೋಡಲೇ ಇಲ್ಲ. ಎರಡು ಮೂರು ದಿನ ಬಿಟ್ಟು, ಸವೆಯತೊಡಗಿದ ಮೇಲೆ ನೋಡಿರುತ್ತೀಯ ಎಂದುಕೊಳ್ಳೋಣವೆಂದರೆ ಕಾಗದದ ತಾರೀಕು ಹೊಂದುವುದಿಲ್ಲ. ಹಾಗಾದರೆ ಪರದೆಗೊಂದು ಹೊಸ ಬಗೆ ಹೊಳೆದಿದೆ, ಅದಕ್ಕೆ ತಕ್ಕ ಚಂದ್ರನನ್ನು ಆಮೇಲೆ ಹುಟ್ಟಿಸಿದ್ದೀಯ. ಉಪ್ಪು ಖಾರ ಹಚ್ಚದೆ ನೀನು ಯಾವುದನ್ನು ಹೇಳಿದ್ದೀಯ? ಪಕ್ಕದ ಮನೆಯ ಬೆಕ್ಕು ನಿನ್ನ ಬಾಯಿಗೆ ಬಿದ್ದರೆ ಹುಲಿಯಾಗಿ ಹೊರಗೆ ಬರುತ್ತಿತ್ತು.

ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಬ್ಬರೂ ಒಂದೇ ಹೊತ್ತಿನಲ್ಲಿ ಒಂದನ್ನೇ ನೋಡುತ್ತಿದ್ದೇವೆ ಎಂದುಕೊಂಡು ನಾನು ಆ ತಾರಸಿಯ ಮೇಲೆ ನಿಂತಿದ್ದೆ. ನನ್ನನ್ನು ಕರೆದು ನೀನೇ ಬರಲಿಲ್ಲ ಎನ್ನುವ ಹಾಗಾಯಿತು.

ತಂಗಿ


ಮಾರ್ಚ್ ೨೩

ತಂಗಿಗೆ,

ಹುಲಿಯ ಮಾತು ಒಪ್ಪಿದೆ. ಆದರೆ ಕೆಲಸದ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದನ್ನು ನೀನು ಯಾವಾಗ ಕಂಡೆ? ಕಡ್ಡಿ ಮುರಿದ ಹಾಗೆ ಮಾತಾಡುತ್ತೀಯ ಎಂದು ನಿನಗೆ ಆ ಹೆಸರಿಟ್ಟವನೇ ನಾನು. ಈ ಸಲ ಸ್ವಲ್ಪ ನೋವಾಯಿತು.

ನನಗೆ ಪರದೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು: "ಎರಡು ಕಣ್ಣು ಅಂದ್ರೆ ಇಬ್ಬರು ಸಾಕ್ಷಿಗಳು ಕಣೋ. ಇಬ್ಬರನ್ನೂ ಕರೆದ್ರೆ ಜಗಳ ಬೀಳುತ್ತೆ. ಅಳತೆಗೆ ಒಂದೇ ಕಣ್ಣು." ಅಂದಿನಿಂದ ನಾನು ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲೇ ಅಳೆಯುತ್ತ ಬಂದಿದ್ದೇನೆ. ಚಂದ್ರನನ್ನೂ ಹಾಗೇ ಅಳೆದೆ. ಎಡಗಣ್ಣನ್ನೂ ತೆರೆದರೆ ತಗ್ಗು ಮುಕ್ಕಾಲು ಪಾಲು ತುಂಬಿಕೊಳ್ಳುತ್ತಿತ್ತು, ಹೌದು. ಅದಕ್ಕೇ ಮತ್ತೆ ತೆರೆಯಲಿಲ್ಲ. ಅಳತೆಯ ಕಣ್ಣು ಹೇಳಿದ್ದೇ ನನಗೆ ಕೊನೆಯ ಮಾತು.

ಜಗಳ ನಿನ್ನ ಜೊತೆ ಮಾತ್ರವಲ್ಲ, ಬಟ್ಟೆಯವನ ಜೊತೆಗೂ ಆಗಿದೆ. ದೊಡ್ಡ ಪರದೆಗೆ ಮೊದಲು ಚೌಕ ಹಾಕಬೇಕು. ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿದು ಮೀಟಿದರೆ ಗೆರೆ ಬೀಳುತ್ತದೆ. ಈ ಸಲ ಒಂದು ಕಣ್ಣಿನಲ್ಲಿ ನೋಡಿದರೆ ಎಲ್ಲ ಗೆರೆಯೂ ನಡುವಿನಲ್ಲಿ ಡೊಂಕು. ಕೆಟ್ಟ ಬಟ್ಟೆ, ಎಳೆ ಜಗ್ಗಿದೆ ಎಂದು ಅಂಗಡಿಯವನನ್ನೇ ಕರೆಸಿದೆ. ಅವನು ತನ್ನ ಅಳತೆಕೋಲನ್ನು ಗೆರೆಯ ಮೇಲಿಟ್ಟು, "ಗೆರೆ ನೆಟ್ಟಗಿದೆ ಸ್ವಾಮಿ, ಸೊಟ್ಟ ನೀವು" ಎಂದ.

ಅವನ ಕೋಲೂ ಡೊಂಕಾಗಿಯೇ ಇತ್ತು. ಅಂಥ ಕೋಲು ಇಟ್ಟುಕೊಂಡು ಊರಿಗೆಲ್ಲ ಬಟ್ಟೆ ಅಳೆಯುತ್ತಾನೆ.

ಅಣ್ಣ


ಮಾರ್ಚ್ ೨೮

ಅಣ್ಣನಿಗೆ,

ನೀನು ನೋಡಲಿಲ್ಲ ಎಂದದ್ದು ನನ್ನ ತಪ್ಪು. ಕಂಡದ್ದನ್ನೇ ಬರೆದಿದ್ದೀಯ. ಕ್ಷಮಿಸು.

ಈಗ ಒಂದು ಚಿಕ್ಕ ಕೆಲಸ ಮಾಡು. ಹಗಲು ಹೊತ್ತು, ಕಿಟಕಿಯ ಎದುರು ನಿಂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಕಿಟಕಿಯ ಸರಳುಗಳನ್ನು ನೋಡು. ಆಮೇಲೆ ಬಲಗಣ್ಣನ್ನು ಮುಚ್ಚಿ ನೋಡು. ಒಂದು ಕಣ್ಣಿಗೆ ನೆಟ್ಟಗೆ, ಇನ್ನೊಂದಕ್ಕೆ ಬಾಗಿ ಕಂಡರೆ ಈ ವಾರವೇ ಕಣ್ಣಿನ ಆಸ್ಪತ್ರೆಗೆ ಹೋಗು. ಕನ್ನಡಕದ ಅಂಗಡಿಗಲ್ಲ, ಆಸ್ಪತ್ರೆಗೆ. ನೆಟ್ಟಗಿನ ಗೆರೆ ಡೊಂಕಾಗಿ ಕಾಣುತ್ತದೆ, ಕಣ್ಣಿನ ಹಿಂಭಾಗದ ಪದರ ನೋಡಿ, ಎಂದು ಹೇಳು.

ನಮ್ಮ ಕಾರ್ಖಾನೆಯ ಲೆಕ್ಕದವರಿಗೂ ಹೋದ ವರ್ಷ ಬಾಗಿಲ ಚೌಕಟ್ಟು ಬಳುಕಿದ ಹಾಗೆ ಕಾಣುತ್ತಿತ್ತು. ಔಷಧಿ ಹಾಕಿದರು, ಈಗ ಚೆನ್ನಾಗಿದ್ದಾರೆ. ಗಾಬರಿಯ ವಿಷಯವಲ್ಲ. ಏನಾಯಿತೆಂದು ಕೂಡಲೇ ಬರೆ.

ತಂಗಿ


ಏಪ್ರಿಲ್ ೬

ಕಡ್ಡಿಗೆ,

ನಾಟಕದ ಪ್ರಯೋಗ ಶುರುವಾಗಿದೆ. ಏನು ಹೇಳಲಿ. ಕೊನೆಯ ಅಂಕಕ್ಕೆ ಮುಂಭಾಗದ ಪರದೆ ಎದ್ದಾಗ ಇಡೀ ಗೋದಾಮು ಒಂದು ಉಸಿರು ಎಳೆದುಕೊಂಡಿತು. ಪಕ್ಕದಲ್ಲಿ ನಿಂತಿದ್ದ ನನಗೆ ಕೇಳಿಸಿತು. ನಾಟಕ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬಳು ಒಳಗೆ ಬಂದು, "ಆ ಚಂದ್ರನಿಗೆ ಪೆಟ್ಟು ಕೊಟ್ಟವರು ಯಾರಪ್ಪ" ಎಂದು ಕೇಳಿದಳು. ನಾನೇ ಎಂದು ಗೊತ್ತಾದ ಮೇಲೆ ನನ್ನ ಭುಜ ಮುಟ್ಟಿ ಹೋದಳು.

ಪೇಪರಿನವರು ನಾಟಕದ ಬಗ್ಗೆ ಅರ್ಧ, ಚಂದ್ರನ ಬಗ್ಗೆ ಅರ್ಧ ಬರೆದಿದ್ದಾರೆ. ನಿರ್ದೇಶಕರು ನಾಯಕಿಯನ್ನು ಈಗ ಸರಿಯಾಗಿ ತಗ್ಗಿನ ಕೆಳಗೆ ನಿಲ್ಲಿಸುತ್ತಾರೆ. "ಪೇಂಟರೇ, ಇದೆಲ್ಲ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ" ಎಂದರು. ದೀಪದವನು ನನ್ನ ಚಂದ್ರನಿಗಾಗಿಯೇ ಇನ್ನೊಂದು ದೀಪ ಕೇಳಿ ಜಗಳವಾಡಿ ತಂದಿದ್ದಾನೆ.

ನೀನು ಬರೆದದ್ದು ನೆನಪಿದೆ. ಗಾಬರಿ ಇಲ್ಲ ಎಂದು ನೀನೇ ಹೇಳಿದ್ದೀಯಲ್ಲ, ಸ್ವಲ್ಪ ಕೈ ಬಿಡುವಾಗಲಿ. ಬೇಸಿಗೆಯಲ್ಲಿ ಒಮ್ಮೆ ಬಂದು ನಾಟಕ ನೋಡು.

ಅಣ್ಣ


ಏಪ್ರಿಲ್ ೧೧

ಅಣ್ಣ,

ಕಿಟಕಿಯ ಬಗ್ಗೆ ಒಂದು ಸಾಲೂ ಇಲ್ಲ. ನೀನು ನೋಡಿದ್ದೀಯ. ಸರಳುಗಳು ನೆಟ್ಟಗೆ ಕಂಡಿದ್ದರೆ ನನ್ನನ್ನು ಗೇಲಿ ಮಾಡುವುದರಿಂದಲೇ ಕಾಗದ ಶುರುವಾಗುತ್ತಿತ್ತು.

ನಿನ್ನೆ ಫೋನ್ ಮಾಡಿದೆ. "ಪೇಂಟರ್ ಏಣಿ ಮೇಲಿದ್ದಾರೆ" ಎಂದರು. ಸಂಜೆ ಮತ್ತೆ ಮಾಡಿದೆ. ಆಗಲೂ ಏಣಿ ಮೇಲೇ ಇದ್ದೆಯಂತೆ. ಪ್ರಯೋಗ ಶುರುವಾದ ಮೇಲೆ ಏಣಿಯ ಮೇಲೆ ನಿನಗೇನು ಕೆಲಸ?

ಗಾಬರಿಯ ವಿಷಯವಲ್ಲ ಎಂದು ಬರೆದದ್ದು ಸುಳ್ಳು. ಹೆದರಿಸಿದರೆ ನೀನು ಮುಖ ತಿರುಗಿಸಿಕೊಳ್ಳುತ್ತೀಯ ಎಂದು ಹಾಗೆ ಬರೆದೆ. ಲೆಕ್ಕದವರು ಚೆನ್ನಾಗಿಲ್ಲ. ಚೌಕಟ್ಟು ಬಾಗುತ್ತದೆ ಎಂದು ತಮಾಷೆ ಮಾಡಿಕೊಂಡು ತಡ ಮಾಡಿದರು. ಈಗ ಆ ಕಣ್ಣಿನ ನಡುವೆ ಏನೂ ಇಲ್ಲ, ಸುತ್ತ ಮಾತ್ರ ಕಾಣುತ್ತದೆ. ಇದರಲ್ಲಿ ಹೋದದ್ದು ವಾಪಸು ಬರುವುದಿಲ್ಲ. ಬೇಗ ಹೋದರೆ ಇರುವುದು ಉಳಿಯುತ್ತದೆ, ಅಷ್ಟೇ. ದಿನ ಕಳೆದ ಹಾಗೆ ಉಳಿಯುವುದು ಕಡಿಮೆಯಾಗುತ್ತದೆ.

ಈ ಕಾಗದ ಓದಿ ಮಡಿಸಿಟ್ಟ ಮೇಲೆ ಚಪ್ಪಲಿ ಹಾಕಿಕೊ. ನೀನು ಹೋಗದಿದ್ದರೆ ನಾನೇ ಬಂದು ಆ ಟಿಕೆಟ್ ಕೋಣೆಯ ಎದುರು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.

ತಂಗಿ


ಏಪ್ರಿಲ್ ೧೭

ತಂಗಿಗೆ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಣ್ಣಿಗೆ ಬಿಟ್ಟ ಹನಿಯಿಂದ ಎಲ್ಲವೂ ಹರಡಿಕೊಂಡಿದೆ. ಅಕ್ಷರ ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿಕೊಂಡು ಓದು.

ಹೌದು, ನೋಡಿದ್ದೆ. ನಿನ್ನ ಕಾಗದ ಬಂದ ದಿನವೇ ನೋಡಿದೆ. ಎಡಗಣ್ಣಿಗೆ ಸರಳುಗಳು ಸರಳಾಗಿಯೇ ಇದ್ದವು. ಬಲಗಣ್ಣಿಗೆ ನಡುವಿನಲ್ಲಿ ಬಳುಕಿದವು, ನೀರಿನಲ್ಲಿ ಅದ್ದಿದ ಕೋಲಿನ ಹಾಗೆ. ಅರ್ಥವಾಗದಷ್ಟು ದಡ್ಡ ನಾನಲ್ಲ. ಬಟ್ಟೆಯ ಅಂಗಡಿಗೆ ಹೋಗಿ ಅವನ ಹತ್ತಿರ ತಪ್ಪಾಯಿತು ಎಂದೂ ಹೇಳಿ ಬಂದೆ. ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ.

ಹೆದರಿದೆ ಎಂದು ನೀನು ತಿಳಿದಿರುತ್ತೀಯ. ಹೆದರಿಕೆಯೂ ಇತ್ತು, ಆದರೆ ಅದು ಎರಡನೆಯದು. ಇಷ್ಟು ವರ್ಷ ಅರಮನೆ, ಕಾಡು, ಬೀದಿ, ಸಮುದ್ರ, ಎಲ್ಲವನ್ನೂ ನೆಟ್ಟಗೆ ಬರೆದೆ. ಒಬ್ಬರೂ ಒಳಗೆ ಬಂದು ಇದನ್ನು ಬರೆದವರು ಯಾರು ಎಂದು ಕೇಳಲಿಲ್ಲ. ಕಣ್ಣು ಕೆಟ್ಟ ಮೇಲೆ ಚಪ್ಪಾಳೆ ಬಂತು. ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ, ಆ ಚಂದ್ರ ನನ್ನ ಕೈಯದಲ್ಲ, ಕಾಯಿಲೆಯದು ಎಂದು ಬರೆದುಕೊಟ್ಟ ಹಾಗೆ. ಇನ್ನು ಕೆಲವು ಪ್ರಯೋಗ ಆಗಲಿ, ಇನ್ನು ಕೆಲವರು ಭುಜ ಮುಟ್ಟಲಿ, ಎಂದು ದಿನ ತಳ್ಳಿದೆ.

ಇವತ್ತು ಬೆಳಿಗ್ಗೆ ನಿನ್ನ ಕಾಗದ ಓದಿ ಮೊದಲು ನಿರ್ದೇಶಕರ ಹತ್ತಿರ ಹೋದೆ. "ಸರ್, ಆ ತಗ್ಗು ಚಂದ್ರನಲ್ಲಿ ಇರಲಿಲ್ಲ, ನನ್ನ ಕಣ್ಣಲ್ಲಿತ್ತು" ಎಂದೆ. ಅವರು ಎದ್ದು ಬಾಗಿಲು ಮುಚ್ಚಿದರು. "ಯಾರಿಗೂ ಹೇಳ್ಬೇಡಿ" ಎಂದರು. ಆಮೇಲೆ, "ಇಲ್ಲ, ಹೇಳಿ. ಮೊದಲು ಡಾಕ್ಟರಿಗೆ ಹೇಳಿ" ಎಂದು ತಾವೇ ಆಟೋ ಹತ್ತಿಸಿದರು. ಮನುಷ್ಯ ಒಳ್ಳೆಯವನು, ನಗುವುದೊಂದು ಬರುವುದಿಲ್ಲ.

ಕಣ್ಣಿನ ಹಿಂದೆ ಬೇಡದ ರಕ್ತನಾಳಗಳು ಬೆಳೆದು ಸೋರುತ್ತಿವೆಯಂತೆ. ನಾಳೆ ಕಣ್ಣಿಗೇ ಸೂಜಿ. ತಿಂಗಳಿಗೊಮ್ಮೆ ಇನ್ನೂ ಕೆಲವು ಸಲ.

ಅಣ್ಣ


ಏಪ್ರಿಲ್ ೨೫

ಕಡ್ಡಿಗೆ,

ಸೂಜಿ ಆಯಿತು. ನೀನು ಊಹಿಸಿಕೊಳ್ಳುವಷ್ಟು ಘೋರವಲ್ಲ. ಹಿಂದೊಮ್ಮೆ ಏಣಿಯಿಂದ ಬಿದ್ದಾಗ ಇದಕ್ಕಿಂತ ಜೋರಾಗಿ ನೋವಾಗಿತ್ತು. ಸೋರುವುದು ನಿಲ್ಲಬಹುದಂತೆ. ಬಲಗಣ್ಣಿನ ನಡುವೆ ಬೂದು ಬಣ್ಣದ ಮಚ್ಚೆಯೊಂದು ನಿಂತಿದೆ, ಅದು ಹೋಗುವುದಿಲ್ಲ. ಎದುರು ಬಂದವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಕೆಲವರ ವಿಷಯದಲ್ಲಿ ಅದರಿಂದ ಲಾಭವೇ. ಎಡಗಣ್ಣು ಗಟ್ಟಿಯಾಗಿದೆ. ಅದರಲ್ಲೇ ಅಳೆಯುವುದನ್ನು ಕಲಿಯುತ್ತಿದ್ದೇನೆ. ಕುಂಚ ಗುರಿಯಿಟ್ಟಲ್ಲಿಗೆ ಹೋಗುವುದಿಲ್ಲ, ಡಬ್ಬಿಯ ಅಂಚಿಗೆ ತಾಗುತ್ತದೆ. ಕಂಪನಿ ನನ್ನನ್ನು ಬಿಡುವ ಮಾತಾಡಿಲ್ಲ. ಏಣಿ ಮಾತ್ರ ಬೇಡ ಎಂದಿದ್ದಾರೆ.

ಒಂದು ವಿಷಯ ಸ್ಪಷ್ಟವಾಗಿ ಬರೆಯಬೇಕು. ಡಾಕ್ಟರನ್ನು ಕೇಳಿದೆ. ಆಗ ಬಂದಿದ್ದರೂ ಇಷ್ಟೇ, ಈಗ ಬಂದರೂ ಇಷ್ಟೇ ಎಂದರು. ನೀನು ಮೊದಲು ನನ್ನ ಮೇಲೆ ಸಿಟ್ಟಾದದ್ದರಿಂದಾಗಲಿ, ಆಮೇಲೆ ಗಾಬರಿಯಿಲ್ಲ ಎಂದು ಬರೆದದ್ದರಿಂದಾಗಲಿ ಏನೂ ವ್ಯತ್ಯಾಸವಾಗಿಲ್ಲ. ಇದನ್ನು ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡೆ. ಅವರು ಅದನ್ನೇ ಹೇಳಿದರು. ಆದ್ದರಿಂದ ಆ ವಿಷಯ ಇಲ್ಲಿಗೆ ಮುಗಿಯಿತು.

ಮುಂದಿನ ಸೂಜಿಗೆ ನೀನು ಬರುವುದಾದರೆ ಬಾ. ಹೆದರಿಕೆಗಲ್ಲ. ಆಟೋದವನು ಒಬ್ಬನೇ ಮಾತಾಡುತ್ತಾನೆ, ನನಗೆ ಬಾಯಿ ಹಾಕಲು ಬಿಡುವುದಿಲ್ಲ.

ಅಣ್ಣ


ಮೇ ೨೪

ಅಣ್ಣನಿಗೆ,

ಸುಖವಾಗಿ ತಲುಪಿದೆ. ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಹನಿ ಔಷಧಿಯನ್ನು ಹೇಳಿದ ಹೊತ್ತಿಗೆ ಬಿಟ್ಟುಕೊ. ಬಣ್ಣದ ಕೈಯಲ್ಲಿ ಕಣ್ಣು ಮುಟ್ಟಬೇಡ.

ಸೂಜಿಯ ದಿನ ನೀನು ಔಷಧಿ ತರಲು ಹೋದಾಗ ಡಾಕ್ಟರು ಹೊರಗೆ ಬಂದರು. "ನೀವು ತಂಗಿಯಾ? ಏನಾದ್ರೂ ಕೇಳೋದಿದೆಯಾ?" ಎಂದರು. "ಇಲ್ಲ, ಅಣ್ಣ ಎಲ್ಲ ಬರೆದಿದ್ದಾನೆ" ಎಂದೆ. ನೀನು ಎರಡು ಸಲ ಕೇಳಿ ಖಚಿತ ಮಾಡಿಕೊಂಡದ್ದನ್ನು ಮತ್ತೆ ಕೇಳಲು ನನಗೆ ಮನಸ್ಸಾಗಲಿಲ್ಲ. ಅವರಿಗೆ ಏನೋ ಹೇಳುವುದಿತ್ತು ಅನ್ನಿಸುತ್ತದೆ. ಬೇರೆಯವರು ಕಾಯುತ್ತಿದ್ದರು, ನಾನು ಎದ್ದು ಜಾಗ ಬಿಟ್ಟೆ.

ನಾಟಕ ಹೇಗಿತ್ತೆಂದು ನೀನು ಮೂರು ಸಲ ಕೇಳಿದೆ, ನಾನು ಚೆನ್ನಾಗಿತ್ತು ಎಂದು ಮಾತ್ರ ಹೇಳಿದೆ. ನಿನಗೆ ಬೇಸರವಾಗಿದ್ದನ್ನು ನೋಡಿದೆ. ಎದುರಿಗೆ ಹೇಳಲು ನನಗೆ ಬರುವುದಿಲ್ಲ.

ಪರದೆ ಎದ್ದಾಗ ನಾನು ತಪಾಸಣೆಯವಳ ಕಣ್ಣಿನಲ್ಲೇ ನೋಡಲು ಶುರು ಮಾಡಿದೆ, ಅದು ಬಿಟ್ಟು ಬೇರೆ ಗೊತ್ತಿಲ್ಲ. ತಗ್ಗು ಎಲ್ಲಿ ಶುರುವಾಗುತ್ತದೆ, ಅಂಚು ಎಷ್ಟು ಒಳಕ್ಕೆ ಸರಿದಿದೆ, ಬಿಳುಪು ಎಲ್ಲಿ ಬೂದಿಯಾಗುತ್ತದೆ. ಕಾಯಿಲೆ ನಮ್ಮ ಲೆಕ್ಕದವರಿಗೂ ಬಂದಿತ್ತು. ಏನು ಕಾಣುತ್ತದೆ ಎಂದು ಅವರನ್ನು ಎಷ್ಟು ಕೇಳಿದರೂ, ಏನೋ ಒಂದು ಥರ, ಅನ್ನುತ್ತಿದ್ದರು. ನೀನು ಅದನ್ನು ಒಂದು ಗೋಡೆಯಷ್ಟು ದೊಡ್ಡದಾಗಿ, ಒಂದು ಗೆರೆಯನ್ನೂ ಸೇರಿಸದೆ ಇಟ್ಟಿದ್ದೆ. ಅಲ್ಲಿ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ. ಆಮೇಲೆ ತಪಾಸಣೆ ಮರೆತುಹೋಯಿತು. ನಾಯಕಿ ಏನು ಹೇಳಿದಳೋ ಕೇಳಿಸಲಿಲ್ಲ. ಮಾರ್ಚಿನ ಆ ಸಂಜೆ ಮೆಟ್ಟಿಲ ಮೇಲೆ ಕೂತ ನಿನಗೆ ಕಂಡವನನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ಬಾಗಿ, "ಎಷ್ಟು ದೊಡ್ಡ ಚಂದ್ರ ಅಲ್ವಾ. ಯಾರು ಬರೆದದ್ದೋ" ಎಂದಳು.

"ನಮ್ಮಣ್ಣ" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವಳಿಗೆ ಮತ್ತೆ ಹೇಳಿದೆ, "ಅವನು ಅದನ್ನ ನೋಡಿದ್ದಾನೆ."

ತಂಗಿ